ತಾಪ ಬೇರೆ, ಉಷ್ಣ ಬೇರೆ: ಎರಡನ್ನೂ ಮೇಜಿನ ಮೇಲೆ ಅಳೆಯುವ ಬಗೆ

ಈ ವಿಷಯಕ್ಕೆ ಕೈಹಾಕುವ ಮೊದಲೇ ಕನ್ನಡದಲ್ಲಿ ಒಂದು ತೊಡಕು ಎದುರಾಗುತ್ತದೆ. ಹವಾಮಾನ ವರದಿಯಲ್ಲಿ ‘ಗರಿಷ್ಠ ಉಷ್ಣಾಂಶ 34 ಡಿಗ್ರಿ’ ಎಂದಿರುತ್ತದೆ. ಪಠ್ಯಪುಸ್ತಕದಲ್ಲಿ ಅದೇ ‘ತಾಪ’, ಮಾತಿನಲ್ಲಿ ‘ಬಿಸಿ’, ‘ಕಾವು’. ಉಷ್ಣಾಂಶ ಎಂಬುದನ್ನು ಬಿಡಿಸಿ ಓದಿದರೆ ‘ಎಷ್ಟು ಉಷ್ಣ ಇದೆ’ ಎಂಬ ಅರ್ಥ ಬರುತ್ತದೆ. ಥರ್ಮಾಮೀಟರ್ ತೋರಿಸುವುದು ಅದನ್ನಲ್ಲ. ಹಾಗಾಗಿ ಇಲ್ಲಿ ಎರಡೇ ಪದ ಬಳಸೋಣ. ಡಿಗ್ರಿಯಲ್ಲಿ ಓದುವುದು ತಾಪ: ವಸ್ತುವಿನೊಳಗಿನ ಅಣುಗಳು ಸರಾಸರಿ ಎಷ್ಟು ಬಿರುಸಾಗಿ ಅಲ್ಲಾಡುತ್ತಿವೆ ಎಂಬುದರ ಅಳತೆ. ಜೂಲ್‌ನಲ್ಲಿ ಎಣಿಸುವುದು ಉಷ್ಣ: ತಾಪ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುವ ಶಕ್ತಿ.

500 ಡಿಗ್ರಿಗೆ ಕಾದ 5 ಗ್ರಾಂ ಕಬ್ಬಿಣದ ಮೊಳೆಯೊಂದು 25 ಡಿಗ್ರಿಗೆ ಇಳಿಯುವಾಗ ಬಿಡುವ ಉಷ್ಣ ಸುಮಾರು 1300 ಜೂಲ್. ಒಂದು ಲೀಟರ್ ಉಗುರುಬೆಚ್ಚಗಿನ ನೀರು 40ರಿಂದ 25ಕ್ಕೆ ಇಳಿಯುವಾಗ ಬಿಡುವುದು ಸುಮಾರು 62,700 ಜೂಲ್. ಮೊಳೆ ಮುಟ್ಟಿದರೆ ಬೆರಳು ಸುಡುತ್ತದೆ, ನೀರಿನಲ್ಲಿ ಕೈ ಇಟ್ಟರೆ ಹಿತವೆನಿಸುತ್ತದೆ. ಆದರೂ ಉಷ್ಣದ ಲೆಕ್ಕದಲ್ಲಿ ನೀರೇ ಸುಮಾರು ಐವತ್ತು ಪಟ್ಟು ಮುಂದು. ಈ ವ್ಯತ್ಯಾಸವನ್ನು ಓದಿ ನಂಬುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಅಳೆಯಲು ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಮತ್ತು ಉಷ್ಣ ಎಲ್ಲಿಂದ ಸೋರಿಹೋಗುತ್ತಿದೆ ಎಂದು ಹುಡುಕುವ ಹಟ.

ಬೇಕಾಗುವ ಸಾಮಾನು

0.1 ಡಿಗ್ರಿವರೆಗೆ ತೋರಿಸುವ, ಉದ್ದ ಲೋಹದ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರ್ ಒಂದು. ಎರಡಿದ್ದರೆ ಕೆಲಸ ಹಗುರ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಅದರ ವ್ಯಾಪ್ತಿ ತೀರಾ ಚಿಕ್ಕದು. 1 ಗ್ರಾಂ ಹಿಡಿಯುವ ಡಿಜಿಟಲ್ ತಕ್ಕಡಿ, 0.1 ಗ್ರಾಂ ಹಿಡಿಯುವುದಾದರೆ ಇನ್ನೂ ಚೆನ್ನ. ಎರಡು ಥರ್ಮೋಕೋಲ್ ಲೋಟಗಳನ್ನು ಒಂದರೊಳಗೊಂದು ಕೂರಿಸಿ, ಉರುಳದಂತೆ ಅಗಲ ಪಾತ್ರೆಯೊಳಗೆ ಇಡಿ. ಮೇಲೆ ಥರ್ಮೋಕೋಲ್ ಹಾಳೆಯ ಮುಚ್ಚಳ, ಅದರಲ್ಲಿ ಕಡ್ಡಿಗೊಂದು, ಕಲಕುವ ತಂತಿಗೊಂದು ತೂತು. ಇದೇ ನಿಮ್ಮ ಕ್ಯಾಲರಿಮೀಟರ್, ಅಂದರೆ ಉಷ್ಣ ಅಳೆಯುವ ಪಾತ್ರೆ. ಜೊತೆಗೆ ಸ್ಟಾಪ್‌ವಾಚ್, ಮಂಜುಗಡ್ಡೆ, ಎಲೆಕ್ಟ್ರಿಕ್ ಕೆಟಲ್, 200–250 ಗ್ರಾಂ ತೂಗುವ ಲೋಹದ ತುಂಡು, ದಾರ, ಇಕ್ಕಳ, ಗ್ರಾಫ್ ಹಾಳೆ.

ಮೊದಲು ಥರ್ಮಾಮೀಟರ್‌ನ ನಿಜ ಪರೀಕ್ಷಿಸಿ

ಪರದೆಯ ಮೇಲೆ 0.1ರವರೆಗೆ ಅಂಕಿ ಬಂದ ಮಾತ್ರಕ್ಕೆ ಓದು ಅಷ್ಟು ಸರಿಯಾಗಿದೆ ಎಂದಲ್ಲ. ಅಗ್ಗದ ಉಪಕರಣಗಳಲ್ಲಿ ಒಂದು ಡಿಗ್ರಿವರೆಗೆ ತಪ್ಪು ಇರುವುದು ಸಾಮಾನ್ಯ. ಎರಡು ಬಿಂದುಗಳಲ್ಲಿ ಅದನ್ನು ಹಿಡಿಯಬಹುದು.

ಮಂಜಿನ ಬಿಂದುವಿಗೆ, ಶುದ್ಧ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಕಾಳಿನಷ್ಟು ಸಣ್ಣಗೆ ಪುಡಿಮಾಡಿ ಲೋಟದ ತುಂಬ ಹಾಕಿ. ಪುಡಿಯ ನಡುವಿನ ಸಂದುಗಳು ತುಂಬುವಷ್ಟು ಮಾತ್ರ ತಣ್ಣನೆ ಡಿಸ್ಟಿಲ್ಡ್ ನೀರು ಸೇರಿಸಿ. ನೀರಿನ ಮೇಲೆ ನಾಲ್ಕು ತುಂಡು ತೇಲುತ್ತಿದ್ದರೆ ಸಾಲದು: ಆಗ ತಳದಲ್ಲಿ 4 ಡಿಗ್ರಿಯ ನೀರು ನಿಲ್ಲುತ್ತದೆ, ಏಕೆಂದರೆ ನೀರು ಅತಿ ಸಾಂದ್ರವಾಗಿರುವುದು ಆ ತಾಪದಲ್ಲೇ. ಕಡ್ಡಿಯ ತುದಿ ಗೋಡೆಗೂ ತಳಕ್ಕೂ ತಾಗದಂತೆ ನಡುವೆ ಹಿಡಿದು, ಐದು ನಿಮಿಷ ಕಲಕುತ್ತಾ ಕಾದು, ಓದು ನಿಂತ ಮೇಲೆ ಬರೆದುಕೊಳ್ಳಿ. ನೀರಿನಲ್ಲಿ ಉಪ್ಪಿನ ಅಂಶವಿದ್ದರೆ ಓದು ಸೊನ್ನೆಗಿಂತ ಕೆಳಗಿಳಿಯುತ್ತದೆ, ಆ ತಪ್ಪು ಥರ್ಮಾಮೀಟರ್‌ನದಲ್ಲ.

ಕುದಿಬಿಂದುವಿಗೆ, ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಮುಳುಗಿಸುವ ಬದಲು ನೀರಿನ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ, ದಟ್ಟ ಹಬೆಯಲ್ಲಿ ಹಿಡಿಯಿರಿ. ನೀರಿನ ಒಳಗೆ ಅಲ್ಲಲ್ಲಿ ತಾಪ ಕುದಿಬಿಂದುವಿಗಿಂತ ತುಸು ಮೇಲೇರಿರಬಹುದು, ಹಬೆಗೆ ಆ ತೊಂದರೆಯಿಲ್ಲ. ಇನ್ನು 100 ಡಿಗ್ರಿ ಎಂಬುದು ಸಮುದ್ರಮಟ್ಟದ ಸಾಧಾರಣ ವಾಯುಒತ್ತಡಕ್ಕೆ ಹೊಂದುವ ಮಾತು. ಮೇಲೇರಿದಂತೆ ಪ್ರತಿ 300 ಮೀಟರ್‌ಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಕಳೆಯಬೇಕು. 900 ಮೀಟರ್ ಎತ್ತರದ ಊರಿನಲ್ಲಿ ನೀರು ಕುದಿಯುವುದು 97ರ ಆಸುಪಾಸಿನಲ್ಲಿ.

ಮಂಜಿನಲ್ಲಿ ಓದು 0.4, ಹಬೆಯಲ್ಲಿ 97.9 ಬಂತು, ಅಲ್ಲಿ ನಿಜವಾಗಿ ಇರಬೇಕಾದದ್ದು 97.0 ಎಂದುಕೊಳ್ಳಿ. ನಿಮ್ಮ ಥರ್ಮಾಮೀಟರ್‌ನ 97.5 ಡಿಗ್ರಿ ನಿಜದ 97.0 ಡಿಗ್ರಿಗೆ ಸಮ. ಯಾವುದೇ ಓದಿನಿಂದ 0.4 ಕಳೆದು, 97.0ರಿಂದ ಗುಣಿಸಿ, 97.5ರಿಂದ ಭಾಗಿಸಿ. 50.0 ಎಂದು ತೋರಿಸಿದಾಗ ನಿಜದ ತಾಪ 49.3. ಈ ತಿದ್ದುಪಡಿಯನ್ನು ಚೀಟಿಯಲ್ಲಿ ಬರೆದು ಉಪಕರಣಕ್ಕೇ ಅಂಟಿಸಿಬಿಡಿ. ಎರಡು ಥರ್ಮಾಮೀಟರ್ ಇದ್ದರೆ ಎರಡಕ್ಕೂ ಬೇರೆಬೇರೆ ಚೀಟಿ.

(1742ರಲ್ಲಿ ಆಂಡರ್ಸ್ ಸೆಲ್ಸಿಯಸ್ ಸೂಚಿಸಿದ ಮಾಪಕದಲ್ಲಿ ಕುದಿಯುವ ನೀರಿಗೆ 0, ಮಂಜಿಗೆ 100 ಇತ್ತು. ಅದನ್ನು ತಲೆಕೆಳಗು ಮಾಡಿದ್ದು ಆಮೇಲೆ. ಎರಡು ಬಿಂದುಗಳನ್ನು ಮೊದಲು ಗಟ್ಟಿಮಾಡಿಕೊಂಡು ನಡುವಿನದನ್ನು ನೂರು ಪಾಲು ಮಾಡುವ ಉಪಾಯ ಮಾತ್ರ ಅದೇ ಉಳಿದಿದೆ.)

ಬೆರಳನ್ನು ಥರ್ಮಾಮೀಟರ್ ಎಂದು ನಂಬಬೇಡಿ. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಮರದ ಹಲಗೆ ಮತ್ತು ಉಕ್ಕಿನ ತಟ್ಟೆಯನ್ನು ಮುಟ್ಟಿ ನೋಡಿ: ಉಕ್ಕು ತಣ್ಣಗೆನಿಸುತ್ತದೆ. ಎರಡರ ಮೇಲೂ ಕಡ್ಡಿಯ ತುದಿ ಒತ್ತಿ ಅಂಟುಪಟ್ಟಿ ಹಾಕಿ ಅಳೆಯಿರಿ, ತಾಪ ಒಂದೇ. ಚರ್ಮದ ತಾಪ ಸುಮಾರು 33 ಡಿಗ್ರಿ. ಉಕ್ಕು ಆ ಉಷ್ಣವನ್ನು ಬೇಗ ಎಳೆದುಕೊಂಡು ಒಳಕ್ಕೆ ಸಾಗಿಸುತ್ತದೆ, ಮರ ಸಾಗಿಸುವುದಿಲ್ಲ. ಬೆರಳು ತಿಳಿಸುವುದು ಉಷ್ಣ ಹೋಗುತ್ತಿರುವ ವೇಗವನ್ನು.

ಇನ್‌ಫ್ರಾರೆಡ್ ಗನ್ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಫಳಫಳ ಹೊಳೆಯುವ ಉಕ್ಕಿನ ಪಾತ್ರೆಯಲ್ಲಿ ನೀರು ಕುದಿಯುತ್ತಿದ್ದರೂ ಗನ್ 40 ಅಥವಾ 50 ತೋರಿಸಬಹುದು. ಹೊಳೆಯುವ ಲೋಹ ತಾನಾಗಿ ಸೂಸುವ ವಿಕಿರಣ ಬಹಳ ಕಡಿಮೆ, ಗನ್ ಕಾಣುವುದು ಅದರಲ್ಲಿ ಪ್ರತಿಫಲಿಸಿದ ಕೋಣೆಯನ್ನು. ಪಾತ್ರೆಯ ಮೈಗೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಒಂದು ನಿಮಿಷ ಬಿಟ್ಟು, ಆ ತುಂಡಿಗೇ ಗುರಿಯಿಟ್ಟರೆ ಓದು ನಂಬುವಂತಿರುತ್ತದೆ.

ಬಿಸಿನೀರು, ತಣ್ಣೀರು ಬೆರೆಸಿ ಲೋಟದ ಪಾಲು ಕಂಡುಹಿಡಿಯುವುದು

ಮುಂದಿನ ಎಲ್ಲ ಅಳತೆಗಳೂ ಒಂದೇ ಸೂತ್ರದ ಮೇಲೆ ನಿಂತಿವೆ:

ಉಷ್ಣ = ತೂಕ × ವಿಶಿಷ್ಟೋಷ್ಣ × ತಾಪದ ಬದಲಾವಣೆ

ವಿಶಿಷ್ಟೋಷ್ಣ ಎಂದರೆ ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಜೂಲ್. ನೀರಿಗೆ ಅದು 4.18. ಬಿಸಿಯದು ಕಳೆದುಕೊಂಡದ್ದನ್ನು ತಣ್ಣನೆಯದು ಪಡೆಯುತ್ತದೆ, ಲೆಕ್ಕ ಇಷ್ಟೇ. ಆದರೆ ‘ತಣ್ಣನೆಯದು’ ಎಂಬುದರಲ್ಲಿ ಲೋಟ, ಥರ್ಮಾಮೀಟರ್ ಕಡ್ಡಿ, ಕಲಕುವ ತಂತಿ, ಸುತ್ತಲಿನ ಗಾಳಿ ಎಲ್ಲವೂ ಸೇರಿವೆ. ಇವುಗಳ ಪಾಲು ಮೊದಲೇ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಉತ್ತರವೂ ಸರಿಬಾರದು.

ಥರ್ಮೋಕೋಲ್ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕೋಣೆಯ ತಾಪದ 100 ಗ್ರಾಂ ನೀರು ಹಾಕಿ. ಕಡ್ಡಿ ಮತ್ತು ತಂತಿಯನ್ನು ಅದರಲ್ಲೇ ಬಿಟ್ಟು ಮುಚ್ಚಿ ಐದು ನಿಮಿಷ ಕಾಯಿರಿ. 25.0 ಡಿಗ್ರಿ ಬಂತು ಎನ್ನೋಣ. ಇನ್ನೊಂದು ಪಾತ್ರೆಯಲ್ಲಿ ನೀರು ಕಾಯಿಸಿ, ಚೆನ್ನಾಗಿ ಕಲಕುತ್ತಾ, 70.0ಕ್ಕೆ ಇಳಿಯುವ ಕ್ಷಣಕ್ಕೆ ಲೋಟಕ್ಕೆ ಸುರಿಯಿರಿ. ಪಾತ್ರೆಯನ್ನು ಲೋಟದ ಅಂಚಿಗೆ ತಾಗುವಷ್ಟು ಹತ್ತಿರ ತಂದು, ಒಂದೇ ಸಲಕ್ಕೆ ಸುರಿಯಬೇಕು. ಎತ್ತರದಿಂದ ಸಣ್ಣ ಧಾರೆಯಾಗಿ ಸುರಿದರೆ ಆವಿಯಾಗುವ ನೀರು ದಾರಿಯಲ್ಲೇ ಒಂದೆರಡು ಡಿಗ್ರಿ ಕದ್ದುಬಿಡುತ್ತದೆ. ಎಷ್ಟು ಬಿತ್ತು ಎಂದು ಸುರಿದ ಮೇಲೆ ತಕ್ಕಡಿಯಲ್ಲಿ ಓದಿಕೊಂಡರೆ ಆಯಿತು, ಸರಿಯಾಗಿ 100 ಗ್ರಾಂ ಬೀಳಿಸಲು ಹೆಣಗಬೇಕಿಲ್ಲ. ಇಲ್ಲಿ ಲೆಕ್ಕಕ್ಕೆ 100 ಎಂದಿಟ್ಟುಕೊಳ್ಳೋಣ.

ಸರಾಸರಿ ತೆಗೆದರೆ 47.5 ಬರಬೇಕು. ಬರುವುದು 46.9. ಎರಡೂ ನೀರೇ ಆದ್ದರಿಂದ 4.18ನ್ನು ಬಿಟ್ಟು ತೂಕವನ್ನು ಡಿಗ್ರಿಯಿಂದ ಗುಣಿಸಿದರೆ ಸಾಕು. ಬಿಸಿನೀರು ಇಳಿದದ್ದು 23.1 ಡಿಗ್ರಿ, ಅಂದರೆ 2310 ಗ್ರಾಂ-ಡಿಗ್ರಿ. ತಣ್ಣೀರು ಏರಿದ್ದು 21.9, ಅಂದರೆ 2190. ಕಾಣೆಯಾದ 120ನ್ನು 21.9ರಿಂದ ಭಾಗಿಸಿ: 5.5. ನಿಮ್ಮ ಲೋಟ, ಕಡ್ಡಿ, ತಂತಿ ಎಲ್ಲ ಸೇರಿ 5.5 ಗ್ರಾಂ ನೀರಿನಂತೆ ವರ್ತಿಸುತ್ತಿವೆ. ಇದಕ್ಕೆ ಜಲಸಮಾನ ಎನ್ನುತ್ತಾರೆ. ಮುಂದೆ ಲೋಟದಲ್ಲಿ ಎಷ್ಟೇ ನೀರು ಹಾಕಿದರೂ ಅದಕ್ಕೆ ಈ 5.5 ಸೇರಿಸಿ ಲೆಕ್ಕ ಮಾಡಿ. ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ. ಓದಿನಲ್ಲಿ 0.1 ಡಿಗ್ರಿ ಹೆಚ್ಚುಕಡಿಮೆಯಾದರೂ ಈ ಸಂಖ್ಯೆ ಒಂದು ಗ್ರಾಂನಷ್ಟು ಅಲ್ಲಾಡುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಇದೇ ಪ್ರಯೋಗವನ್ನು 120 ಗ್ರಾಂ ತೂಗುವ ಸ್ಟೇನ್‌ಲೆಸ್ ಉಕ್ಕಿನ ಲೋಟದಲ್ಲಿ ಮಾಡಿದರೆ ಬೆರೆತ ತಾಪ 46ಕ್ಕಿಂತ ಮೇಲೆ ನಿಲ್ಲುವುದಿಲ್ಲ. ಉಕ್ಕೇ 14 ಗ್ರಾಂ ನೀರಿನಷ್ಟು ಉಷ್ಣ ಕುಡಿಯುತ್ತದೆ, ಸಾಲದ್ದಕ್ಕೆ ಹೊರಮೈಯಿಂದ ಗಾಳಿಗೂ ಬಿಟ್ಟುಕೊಡುತ್ತದೆ.

ಲೋಹದ ವಿಶಿಷ್ಟೋಷ್ಣ

ಎಲ್ಲಕ್ಕಿಂತ ಹೆಚ್ಚು ಕಲಿಸುವ ಪ್ರಯೋಗ ಇದು. ಹೆಚ್ಚು ಕೆಡುವುದೂ ಇದೇ.

250 ಗ್ರಾಂನಷ್ಟು ಕಬ್ಬಿಣದ ಬೋಲ್ಟ್‌ಗಳನ್ನು ದಾರದಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ತೂಗುಬಿಡಿ. ತಳಕ್ಕೆ ತಾಗಬಾರದು, ತಾಗಿದರೆ ಉರಿಯ ಕಾವು ನೇರವಾಗಿ ಏರಿ ಲೋಹದ ತಾಪ ನೀರಿನದಕ್ಕಿಂತ ಹೆಚ್ಚಾಗಬಹುದು. ಲೋಟದಲ್ಲಿ 150 ಗ್ರಾಂ ನೀರು ಹಾಕಿ ಮುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆಯುತ್ತಾ ಹೋಗಿ. ಮೂರು ನಿಮಿಷ ಓದು ಅಲ್ಲಾಡದೆ ನಿಂತರೆ, ಉದಾಹರಣೆಗೆ 24.0ರಲ್ಲಿ, ಬೋಲ್ಟ್‌ಗಳನ್ನು ಮೇಲೆತ್ತಿ, ಪಾತ್ರೆಯ ಮೇಲೇ ಎರಡು ಸಲ ಜೋರಾಗಿ ಒದರಿ, ಲೋಟಕ್ಕೆ ಇಳಿಸಿ ಮುಚ್ಚಿ. ಎತ್ತಿದ್ದರಿಂದ ಇಳಿಸುವವರೆಗೆ ಮೂರು ಸೆಕೆಂಡ್ ಮೀರಬಾರದು, ಹಾಗಾಗಿ ಲೋಟ ಪಾತ್ರೆಯ ಪಕ್ಕದಲ್ಲೇ ಇರಲಿ. ಆದರೆ ನಡುವೆ ಒಂದು ದಪ್ಪ ರಟ್ಟು ನಿಲ್ಲಿಸಿ, ಒಲೆಯ ಕಾವು ಲೋಟಕ್ಕೆ ಬಡಿಯದಿರಲಿ. ಮೆಲ್ಲಗೆ ಕಲಕುತ್ತಾ ಅರ್ಧ ನಿಮಿಷಕ್ಕೊಂದು ಓದನ್ನು ಇನ್ನೂ ಆರು ನಿಮಿಷ ಬರೆದುಕೊಳ್ಳಿ.

ತಾಪ ಏರಿ, ಎರಡನೇ ನಿಮಿಷದ ಹೊತ್ತಿಗೆ 34.6 ಮುಟ್ಟಿ, ಆಮೇಲೆ ನಿಮಿಷಕ್ಕೆ 0.1ರಂತೆ ಇಳಿಯಿತು ಎನ್ನೋಣ. ಹಾಗಿದ್ದರೆ ಏರುತ್ತಿದ್ದ ಎರಡು ನಿಮಿಷದಲ್ಲೂ ಉಷ್ಣ ಅದೇ ವೇಗದಲ್ಲಿ ಸೋರುತ್ತಿತ್ತು. ಗ್ರಾಫ್ ಹಾಳೆಯಲ್ಲಿ ಇಳಿಯುವ ಗೆರೆಯನ್ನು ಹಿಂದಕ್ಕೆ, ಲೋಹ ಹಾಕಿದ ಕ್ಷಣದವರೆಗೆ ಎಳೆಯಿರಿ. ಅದು 34.8ಕ್ಕೆ ಸೇರುತ್ತದೆ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಕೊನೆಯ ತಾಪ ಇದೇ, ಕಣ್ಣಿಗೆ ಕಂಡ ಅತಿ ಹೆಚ್ಚಿನ ಓದಲ್ಲ.

ನೀರು ಮತ್ತು ಲೋಟ ಪಡೆದದ್ದು: 155.5 × 4.18 × 10.8 = ಸುಮಾರು 7020 ಜೂಲ್. ಕಬ್ಬಿಣ ಇಳಿದದ್ದು 97.0ರಿಂದ 34.8ಕ್ಕೆ, 62.2 ಡಿಗ್ರಿ. 7020ನ್ನು 250 × 62.2ರಿಂದ ಭಾಗಿಸಿದರೆ 0.451. ಕಬ್ಬಿಣಕ್ಕೆ ಒಪ್ಪಿತ ಬೆಲೆ 0.45.

ಮೊದಲ ಸಲವೇ ಇಷ್ಟು ಚಂದ ಬರುವುದಿಲ್ಲ. 0.48, 0.49 ಬಂದರೆ ಮೊದಲು ಅನುಮಾನಿಸಬೇಕಾದದ್ದು ಬೋಲ್ಟ್‌ಗೆ ಅಂಟಿಕೊಂಡು ಬಂದ ಕುದಿನೀರನ್ನು. ಬೋಲ್ಟ್‌ನ ಮರೆಗಳ (ತಿರುಪಿನ ಸುರುಳಿ ಗೆರೆಗಳ) ಸಂದಿಯಲ್ಲಿ ಬರೀ 2 ಗ್ರಾಂ ನೀರು ಕೂತು ಬಂದರೂ ಅದು ತರುವ ಉಷ್ಣ 2 × 4.18 × 62.2 = 520 ಜೂಲ್, ಒಟ್ಟಿನ ಶೇಕಡಾ 7ಕ್ಕಿಂತ ಹೆಚ್ಚು. ನೀರಿನ ವಿಶಿಷ್ಟೋಷ್ಣ ಕಬ್ಬಿಣದ ಒಂಬತ್ತು ಪಟ್ಟಿಗಿಂತ ಹೆಚ್ಚಿರುವುದರಿಂದ ಒಂದೆರಡು ಹನಿಯೂ ಲೆಕ್ಕ ಕೆಡಿಸುತ್ತದೆ. ಇದಕ್ಕೆ ಎರಡು ಪರಿಹಾರವಿದೆ. ಮರೆಯಿಲ್ಲದ ನುಣುಪಾದ ತುಂಡು ಆರಿಸಿಕೊಳ್ಳುವುದು ಒಂದು. ಪ್ರಯೋಗ ಮುಗಿದ ಮೇಲೆ ಲೋಟವನ್ನು ಲೋಹದ ಸಮೇತ ತೂಗಿ, ಹೆಚ್ಚುವರಿ ಎಷ್ಟು ಗ್ರಾಂ ಇದೆ ಎಂದು ನೋಡಿ, ಆ ನೀರಿನ ಪಾಲನ್ನು 7020ರಿಂದ ಕಳೆಯುವುದು ಇನ್ನೊಂದು. ಎರಡನೆಯದೇ ಮೇಲು, ಅದರಲ್ಲಿ ಊಹೆಗೆ ಜಾಗವಿಲ್ಲ. ಬಟ್ಟೆಯಿಂದ ಒರೆಸಲು ಹೋಗಬೇಡಿ, ಒರೆಸುವಷ್ಟರಲ್ಲಿ ಲೋಹ ಕೆಲವು ಡಿಗ್ರಿ ತಣಿದಿರುತ್ತದೆ.

ಉತ್ತರ ಕಡಿಮೆ ಬಂದರೆ, ಉದಾಹರಣೆಗೆ 0.41, ಸಾಗಿಸುವಾಗ ತಡವಾಗಿದೆ ಅಥವಾ ಲೋಹದ ಒಳಭಾಗ ಪೂರ್ತಿ ಕಾದಿಲ್ಲ. ಒಂದೊಂದು ಸಲ ಒಂದೊಂದು ಬಂದರೆ ಕಲಕಿದ್ದು ಸಾಲದು. ತಪ್ಪು ಎಲ್ಲಿ ದೊಡ್ಡದಾಗುತ್ತದೆ ಎಂಬುದನ್ನೂ ನೋಡಿಕೊಳ್ಳಿ: 62.2ರಲ್ಲಿ 0.2 ಡಿಗ್ರಿ ತಪ್ಪಿದರೆ ಶೇಕಡಾ 0.3 ಮಾತ್ರ, ಅದೇ 0.2 ಡಿಗ್ರಿ 10.8ರಲ್ಲಿ ತಪ್ಪಿದರೆ ಶೇಕಡಾ 2. ಆದ್ದರಿಂದ ಎಚ್ಚರವೆಲ್ಲ ನೀರಿನ ತಾಪದ ಕಡೆಗಿರಲಿ. ಲೋಹ ಮುಳುಗುವಷ್ಟಕ್ಕೆ ನೀರು ಕಡಿಮೆ ಮಾಡಿದರೆ ಏರಿಕೆ ಹೆಚ್ಚಿ ತಪ್ಪು ತಾನಾಗಿ ಕುಗ್ಗುತ್ತದೆ.

ಬೇರೆ ಲೋಹಗಳನ್ನೂ ಇದೇ ರೀತಿ ಅಳೆದರೆ ಬರಬೇಕಾದ ಬೆಲೆಗಳು, ಗ್ರಾಂಗೆ, ಡಿಗ್ರಿಗೆ, ಜೂಲ್‌ನಲ್ಲಿ: ಅಲ್ಯೂಮಿನಿಯಂ 0.90, ಸ್ಟೇನ್‌ಲೆಸ್ ಉಕ್ಕು 0.50, ತಾಮ್ರ 0.385, ಹಿತ್ತಾಳೆ 0.38, ಸೀಸ 0.13. ಇವು ಯಾಕಿಷ್ಟು ಬೇರೆಬೇರೆ? ಶುದ್ಧ ಲೋಹಗಳ ಬೆಲೆಯನ್ನು ಅವುಗಳ ಪರಮಾಣು ತೂಕದಿಂದ ಗುಣಿಸಿ ನೋಡಿ. ಅಲ್ಯೂಮಿನಿಯಂ 27ಕ್ಕೆ 24.3, ಕಬ್ಬಿಣ 55.85ಕ್ಕೆ 25.1, ತಾಮ್ರ 63.5ಕ್ಕೆ 24.4, ಸೀಸ 207ಕ್ಕೆ ಸುಮಾರು 26.9. ಎಲ್ಲವೂ 25ರ ಸುತ್ತಲೇ! ಗ್ರಾಂ ಲೆಕ್ಕ ಬಿಟ್ಟು ಪರಮಾಣುಗಳನ್ನು ಎಣಿಸಿದರೆ ಪ್ರತಿ ಪರಮಾಣುವೂ ಹೆಚ್ಚುಕಡಿಮೆ ಒಂದೇ ಪಾಲು ಉಷ್ಣ ಕೇಳುತ್ತದೆ, ಅದು ಹಗುರದ್ದಾಗಲಿ ಭಾರದ್ದಾಗಲಿ. ಸೀಸದ ಒಂದು ಗ್ರಾಂನಲ್ಲಿ ಪರಮಾಣುಗಳೇ ಕಡಿಮೆ, ಹಾಗಾಗಿ ಅದು ಬೇಗ ಕಾಯುತ್ತದೆ. 1819ರಲ್ಲಿ ಡ್ಯೂಲಾಂಗ್ ಮತ್ತು ಪೆಟಿ ಕಂಡುಕೊಂಡದ್ದು ಇದನ್ನೇ. ಲೋಟ, ದಾರ, ಬೋಲ್ಟ್ ಇಟ್ಟುಕೊಂಡು ಪರಮಾಣುಗಳ ನಡತೆಯನ್ನು ಮುಟ್ಟಬಹುದು ಎಂಬುದು ನಿಜಕ್ಕೂ ಸೋಜಿಗ.

ಮಂಜುಗಡ್ಡೆಯ ಗುಪ್ತೋಷ್ಣ

ತಾಪಕ್ಕೂ ಉಷ್ಣಕ್ಕೂ ಇರುವ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. 0 ಡಿಗ್ರಿಯ ಮಂಜು ಕರಗಿ 0 ಡಿಗ್ರಿಯ ನೀರಾಗುವಾಗ ಥರ್ಮಾಮೀಟರ್ ಕದಲುವುದಿಲ್ಲ, ಆದರೆ ಗ್ರಾಂ ಒಂದಕ್ಕೆ 334 ಜೂಲ್ ಒಳಕ್ಕೆ ಹೋಗಿರುತ್ತದೆ. ಅಷ್ಟು ಉಷ್ಣ ಅದೇ ಒಂದು ಗ್ರಾಂ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಬಲ್ಲದು. ಅಣುಗಳ ಓಟ ಹೆಚ್ಚಿಸುವ ಬದಲು ಅವುಗಳ ಹಿಡಿತ ಬಿಡಿಸುವುದಕ್ಕೆ ಅದು ಖರ್ಚಾಗಿದೆ. ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಈ ಅಡಗಿದ ಉಷ್ಣವನ್ನು ಗುರುತಿಸಿದ ಮೇಲೆಯೇ ತಾಪ, ಉಷ್ಣ ಎಂಬ ಎರಡು ಕಲ್ಪನೆಗಳು ವಿಜ್ಞಾನದಲ್ಲಿ ಸ್ಪಷ್ಟವಾಗಿ ಬೇರೆಯಾದದ್ದು.

ಲೋಟದಲ್ಲಿ 35.0 ಡಿಗ್ರಿಯ 200 ಗ್ರಾಂ ನೀರು ತೆಗೆದುಕೊಳ್ಳಿ. ಕೋಣೆ 25ರ ಹತ್ತಿರವಿದ್ದರೆ 35ರಿಂದಲೇ ಶುರುಮಾಡುವುದಕ್ಕೆ ಕಾರಣವಿದೆ. ಮೊದಲರ್ಧದಲ್ಲಿ ನೀರು ಕೋಣೆಗಿಂತ ಬಿಸಿ, ಉಷ್ಣ ಹೊರಗೆ ಹೋಗುತ್ತದೆ. ಕೊನೆಯರ್ಧದಲ್ಲಿ ಕೋಣೆಗಿಂತ ತಂಪು, ಉಷ್ಣ ಒಳಗೆ ಬರುತ್ತದೆ. ಎರಡೂ ಬಹುಪಾಲು ಸರಿದೂಗುತ್ತವೆ. ಕೋಣೆಯ ತಾಪ ಬೇರೆಯಿದ್ದರೆ ಅದಕ್ಕಿಂತ ಹತ್ತು ಡಿಗ್ರಿ ಮೇಲಿಂದ ಆರಂಭಿಸಿ.

ಮಂಜುಗಡ್ಡೆಯ ತಯಾರಿಯಲ್ಲೇ ಫಲಿತಾಂಶ ಅಡಗಿದೆ. ಫ್ರೀಜರ್‌ನಿಂದ ತೆಗೆದ ತುಂಡು 0 ಡಿಗ್ರಿಯಲ್ಲಿರುವುದಿಲ್ಲ, –18ರ ಸುಮಾರಿನಲ್ಲಿರುತ್ತದೆ. ಮಂಜಿನ ವಿಶಿಷ್ಟೋಷ್ಣ 2.1. ಹಾಗಾಗಿ 0ಗೆ ಏರುವುದಕ್ಕೇ ಗ್ರಾಂಗೆ 38 ಜೂಲ್ ಬೇಕು, ಉತ್ತರ ಶೇಕಡಾ 11ರಷ್ಟು ಉಬ್ಬುತ್ತದೆ. ಒಂದು ಗುರುತು ನೋಡಿಕೊಳ್ಳಿ: ಆಗಷ್ಟೇ ತೆಗೆದ ತುಂಡಿನ ಮೈ ಬೆಳ್ಳಗೆ, ಒಣಗಿದಂತೆ, ಬೆರಳಿಗೆ ಅಂಟುವಂತೆ ಇರುತ್ತದೆ. ಹೊರಗಿಟ್ಟು ಹತ್ತು ಹದಿನೈದು ನಿಮಿಷವಾದ ಮೇಲೆ ಮೈ ಒದ್ದೆಯಾಗಿ ಗಾಜಿನಂತೆ ಹೊಳೆಯುತ್ತದೆ, ಬೆರಳು ಜಾರುತ್ತದೆ. ಆಗ ಅದು 0ಗೆ ಬಂದಿದೆ. ಈಗ ಎದುರುದಿಕ್ಕಿನ ತಪ್ಪು ಕಾದಿರುತ್ತದೆ: ಮೈಮೇಲಿನ ನೀರು ಆಗಲೇ ಕರಗಿದ್ದು, ಅದು ಏನೂ ಉಷ್ಣ ಕೇಳುವುದಿಲ್ಲ. 50 ಗ್ರಾಂನಲ್ಲಿ 3 ಗ್ರಾಂ ಅಂಥ ನೀರಿದ್ದರೆ ಉತ್ತರ ಸುಮಾರು 314ಕ್ಕೆ ಕುಸಿಯುತ್ತದೆ. ಆದ್ದರಿಂದ ಹಾಕುವ ಕ್ಷಣದಲ್ಲಿ ಒಣ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಇಕ್ಕಳದಿಂದಲೇ ಹಿಡಿದು, ನೀರು ಚಿಮ್ಮದಂತೆ ಜಾರಿಸಿ. ತುಂಡುಗಳು ಒಂದೂವರೆ ಸೆಂಟಿಮೀಟರ್‌ನಷ್ಟಿರಲಿ. ಪುಡಿ ಮಾಡಿದರೆ ಒರೆಸಲು ಆಗದು, ದೊಡ್ಡದಾದರೆ ಕರಗಲು ತಡವಾಗುತ್ತದೆ.

ಮಂಜನ್ನು ಮೊದಲೇ ತೂಗಬೇಡಿ, ತೂಗುತ್ತಿರುವಾಗಲೇ ಕರಗುತ್ತದೆ. ಎಲ್ಲ ಕರಗಿದ ಮೇಲೆ ಲೋಟವನ್ನು ತೂಗಿ ಮೊದಲಿನ ತೂಕ ಕಳೆಯಿರಿ. 50 ಗ್ರಾಂ ಬಿದ್ದಿತ್ತು, ಕೊನೆಯ ತುಣುಕು ಕರಗಿದ ಕ್ಷಣದ ತಾಪ 12.5 ಎಂದಾದರೆ: ನೀರು ಮತ್ತು ಲೋಟ ಕೊಟ್ಟದ್ದು 205.5 × 4.18 × 22.5 = ಸುಮಾರು 19,330 ಜೂಲ್. ಕರಗಿದ ನೀರು 0ಯಿಂದ 12.5ಕ್ಕೆ ಏರಲು ಪಡೆದದ್ದು 50 × 4.18 × 12.5 = ಸುಮಾರು 2610. ಉಳಿದ 16,720 ಜೂಲ್ 50 ಗ್ರಾಂ ಕರಗಿಸಿದೆ, ಗ್ರಾಂಗೆ 334. ಈ 2610ನ್ನು ಕಳೆಯಲು ಮರೆತು 387 ಎಂದು ಬರೆಯುವುದು ಬಹಳ ಸಾಮಾನ್ಯ.

ಹಬೆಯ ಗುಪ್ತೋಷ್ಣ, ಕೆಟಲ್‌ನಿಂದ

ಇದಕ್ಕೆ ಮೊದಲು ಕೆಟಲ್ ನಿಜವಾಗಿ ಎಷ್ಟು ಉಷ್ಣ ಕೊಡುತ್ತದೆಂದು ತಿಳಿಯಬೇಕು. ತಳದಲ್ಲಿ ಬರೆದ 1500 ವ್ಯಾಟ್ ಎಂಬುದು ನಿಗದಿತ ವೋಲ್ಟೇಜ್ ಇದ್ದಾಗಿನ ಮಾತು. 1000 ಗ್ರಾಂ ನೀರು ಹಾಕಿ 25ರಿಂದ 75 ಡಿಗ್ರಿಗೆ ಏರಲು ಹಿಡಿದ ಸಮಯ ನೋಡಿ. ಕೆಟಲ್‌ನ 400 ಗ್ರಾಂ ಉಕ್ಕನ್ನೂ ಸೇರಿಸಿದರೆ ಪ್ರತಿ ಡಿಗ್ರಿಗೆ 4180 + 200 = 4380 ಜೂಲ್, 50 ಡಿಗ್ರಿಗೆ 2,19,000. ಸಮಯ 155 ಸೆಕೆಂಡ್ ಆದರೆ ಸೆಕೆಂಡಿಗೆ ಸುಮಾರು 1410 ಜೂಲ್, ಅಂದರೆ 1410 ವ್ಯಾಟ್.

ಈಗ ಮುಚ್ಚಳ ತೆರೆದಿಟ್ಟು ಕುದಿಸಿ. ಹಬೆ ತಾಗಿದಾಗ ಬಾಗುವ ಜೋಡಿಲೋಹದ ಪಟ್ಟಿಯೇ ಹೆಚ್ಚಿನ ಕೆಟಲ್‌ಗಳನ್ನು ಆರಿಸುವುದು. ಮುಚ್ಚಳ ತೆರೆದಿದ್ದರೆ ಹಬೆ ಆ ದಾರಿಗೆ ಹೋಗದು, ಕೆಟಲ್ ಕುದಿಯುತ್ತಲೇ ಇರುತ್ತದೆ. ಹಾಗಾಗಿ ಒಂದು ಕ್ಷಣವೂ ಬಿಟ್ಟುಹೋಗಬಾರದು, ನೀರು ಅರ್ಧ ಲೀಟರ್‌ಗಿಂತ ಕೆಳಗೆ ಇಳಿಯಬಾರದು. ಕುದಿ ಹತ್ತಿದ ಮೇಲೆ ಸ್ವಿಚ್ ಆರಿಸಿ, ಕೆಟಲ್ ಎತ್ತಿ ತೂಗಿ, ತಕ್ಷಣ ಹಿಂದಕ್ಕಿಟ್ಟು ಸ್ವಿಚ್ ಹಾಕಿ ಗಡಿಯಾರ ಶುರುಮಾಡಿ. 180 ಸೆಕೆಂಡ್‌ಗೆ ಆರಿಸಿ ಮತ್ತೆ ತೂಗಿ. ತಂತಿ ಸಮೇತ ತಕ್ಕಡಿಯ ಮೇಲೇ ಇಟ್ಟರೆ ತಂತಿಯ ಬಿಗಿತ ಓದನ್ನು ಹತ್ತಾರು ಗ್ರಾಂ ಆಚೀಚೆ ಮಾಡುತ್ತದೆ. ಬಿಸಿ ಕೆಟಲ್‌ಗೂ ತಕ್ಕಡಿಗೂ ನಡುವೆ ಥರ್ಮೋಕೋಲ್ ಬಿಲ್ಲೆಯಿರಲಿ.

1410 × 180 = 2,53,800 ಜೂಲ್. 110 ಗ್ರಾಂ ಕಡಿಮೆಯಾಗಿದ್ದರೆ ಗ್ರಾಂಗೆ 2307. ಒಪ್ಪಿತ ಬೆಲೆ 2257. ಕೆಟಲ್‌ನ ಬಿಸಿ ಮೈಯಿಂದ ಗಾಳಿಗೆ ಹೋದ ಉಷ್ಣವೂ ಹಬೆಯ ಲೆಕ್ಕಕ್ಕೆ ಬಿದ್ದಿರುವುದರಿಂದ ಉತ್ತರ ತುಸು ಹೆಚ್ಚೇ ಬರುತ್ತದೆ. ಬಹಳ ಕಡಿಮೆ ಬಂದರೆ ಹನಿಗಳು ಸಿಡಿದು ಹೊರಬಿದ್ದಿವೆ, ನೀರಿನ ಮಟ್ಟ ತಗ್ಗಿಸಿ.

ಹಬೆಯ ಹತ್ತಿರ ಕೈ ಒಯ್ಯದಿರಲು ಈ ಸಂಖ್ಯೆಗಳೇ ಸಾಕು. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ 37ಕ್ಕೆ ಇಳಿಯುವಾಗ ಬಿಡುವುದು 263 ಜೂಲ್. ಅದೇ 100 ಡಿಗ್ರಿಯ ಒಂದು ಗ್ರಾಂ ಹಬೆ ಮೊದಲು ನೀರಾಗುವಾಗಲೇ 2257 ಬಿಟ್ಟು, ಆಮೇಲೆ ಈ 263ನ್ನೂ ಬಿಡುತ್ತದೆ. ಥರ್ಮಾಮೀಟರ್‌ಗೆ ಎರಡೂ ಒಂದೇ, ಚರ್ಮಕ್ಕೆ ಒಂಬತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ತಣಿಯುವ ಗೆರೆ

ಕೊನೆಯದು ಸುಲಭ. ಶುದ್ಧ ಸ್ಟಿಯರಿಕ್ ಆಮ್ಲವನ್ನು (ಮೇಣದಂಥ ಗಟ್ಟಿ ಕೊಬ್ಬಿನಾಮ್ಲ) ಪ್ರನಾಳದಲ್ಲಿ ಎರಡು ಬೆರಳಿನಷ್ಟು ಹಾಕಿ, 85 ಡಿಗ್ರಿಯ ನೀರಿನಲ್ಲಿ ನಿಲ್ಲಿಸಿ ಪೂರ್ತಿ ಕರಗಿಸಿ, ಹೊರಗೆ ತೆಗೆದು, ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆಯಿರಿ. ಗೆರೆ ಜಾರುತ್ತಾ ಬಂದು 69ರ ಹತ್ತಿರ ಹಲವು ನಿಮಿಷ ಮಟ್ಟಸವಾಗಿ ನಿಂತು, ಎಲ್ಲ ಗಟ್ಟಿಯಾದ ಮೇಲೆ ಮತ್ತೆ ಜಾರುತ್ತದೆ. ನಿಂತ ಅಷ್ಟೂ ಹೊತ್ತು ಪ್ರನಾಳ ಕೋಣೆಗೆ ಉಷ್ಣ ಕೊಡುತ್ತಲೇ ಇರುತ್ತದೆ, ಆ ಉಷ್ಣ ಬರುವುದು ಗಟ್ಟಿಯಾಗುವ ಅಣುಗಳಿಂದ. ಮಟ್ಟಸ ಭಾಗ ಕಾಣದೆ 55–60ರ ಆಸುಪಾಸಿನಲ್ಲಿ ಗೆರೆ ಓರೆಯಾಗಿ ಇಳಿದರೆ ನಿಮ್ಮ ಬಳಿ ಇರುವುದು ಪಾಮಿಟಿಕ್ ಆಮ್ಲ ಬೆರೆತ ಸಾಧಾರಣ ದರ್ಜೆಯದು. ಮಿಶ್ರಣಗಳು ಒಂದೇ ತಾಪದಲ್ಲಿ ಗಟ್ಟಿಯಾಗುವುದಿಲ್ಲ. ಮೇಣದಬತ್ತಿಯ ಮೇಣವೂ ಅದೇ ಕಾರಣಕ್ಕೆ ಇದಕ್ಕೆ ಒಗ್ಗದು. ಗಟ್ಟಿಯಾದ ಆಮ್ಲದಿಂದ ಕಡ್ಡಿಯನ್ನು ಎಳೆಯಬೇಡಿ, ಪ್ರನಾಳ ಒಡೆಯುತ್ತದೆ. ಬಿಸಿನೀರಿನಲ್ಲಿ ಮತ್ತೆ ನಿಲ್ಲಿಸಿ, ಕರಗಿದ ಮೇಲೆ ತೆಗೆಯಿರಿ.